ಖಾಲಿ ಲೋಟ ನಂಬದ ಮರೆವ್ವ

ಅಣ್ಣಿಗೇರಿಯ ಸ್ಟೇಶನ್ನಿನಲ್ಲಿ ಮಂಜು ಯಾವುದು, ಬೆಳಕು ಯಾವುದು ಎಂದು ಇನ್ನೂ ಬೇರೆ ಬೇರೆಯಾಗಿ ಕಾಣದ ಹೊತ್ತು. ಮಾಗಿಯ ಚಳಿ. ಹಳಿಯಾಚೆಯ ಎರೆಹೊಲಗಳಲ್ಲಿ ಕುಸುಬಿ, ಕಡಲೆ, ಬಿಳಿಜೋಳ ಎಲ್ಲ ಒಂದೇ ಬೂದುಬಣ್ಣ ಹೊದ್ದು ಮಲಗಿವೆ. ಪ್ಲಾಟ್‌ಫಾರ್ಮಿನ ತುದಿಯ ನಲ್ಲಿಯ ಹತ್ತಿರ ಇಬ್ಬರು ಹೆಂಗಸರು ನಿಂತಿದ್ದಾರೆ. ಒಬ್ಬಳು ತಂಬಿಗೆ ಎತ್ತಿ ನೀರು ಕುಡಿಯುತ್ತಿದ್ದಾಳೆ. ಇನ್ನೊಬ್ಬಳು ಎರಡು ಮಾರು ದೂರದಲ್ಲಿ ಸೆರಗನ್ನು ಕಿವಿಯ ಮೇಲೆ ಎಳೆದುಕೊಂಡು ನಿಂತು, ಕುಡಿಯುವವಳ ಗಂಟಲನ್ನೇ ನೋಡುತ್ತಿದ್ದಾಳೆ. ಗಂಟಲು ಏರಿ ಇಳಿದಾಗೊಮ್ಮೆ ಇವಳ ಹೆಬ್ಬೆರಳು ಬೆರಳಿನ ಗೆಣ್ಣಿನ ಮೇಲೆ ಒಂದು ಮನೆ ಮುಂದೆ ಹೋಗುತ್ತದೆ.

“ಇನ್ನೂ ಎಂಟು ಗುಟುಕು, ತಂಗಿ.”

“ಹೊಟ್ಟಿ ತುಂಬೇತಿ ಯಕ್ಕಾ.”

“ಹೊಟ್ಟಿ ತುಂಬೇತಿ, ಖರೆ. ಅದು ಬೆನ್ನಿನ ತನಕಾ ಹೋಗಬೇಕಲ್ಲ. ಕುಡೀ ಬೇ.”

ಎಣಿಸುವವಳು ಮರೆವ್ವ. ಇದೇ ಊರಿನವಳು, ವಯಸ್ಸು ಮೂವತ್ತೆಂಟು. ಹುಬ್ಬಳ್ಳಿಯ ಒಂದು ಟ್ರಸ್ಟಿನ ಆಸ್ಪತ್ರೆಯಲ್ಲಿ ಆಯಾ. ಈ ಬರಹದಲ್ಲಿ ಆಸ್ಪತ್ರೆಯ ಹೆಸರು ಹಾಕಬಾರದು ಎಂದು ಮೊದಲೇ ಮಾತು ತೆಗೆದುಕೊಂಡಿದ್ದಾಳೆ, ಹಾಕುವುದಿಲ್ಲ. ನೀರು ಕುಡಿಯುತ್ತಿರುವವಳು ರೇವವ್ವ, ನವಲಗುಂದದ ಕಡೆಯ ಒಂದು ಹಳ್ಳಿಯ ಸೊಸೆ, ಇಪ್ಪತ್ಮೂರರ ಹುಡುಗಿ. ನಿನ್ನೆ ಸಂಜೆಯೇ ಗಂಡ ಅಂದಾನೆಪ್ಪನ ಜೊತೆ ಬಂದು ಇಲ್ಲಿಯ ಸಂಬಂಧಿಕರ ಮನೆಯಲ್ಲಿ ಉಳಿದಿದ್ದಾಳೆ. ಹಾಗೆ ಬನ್ನಿ, ಬೆಳಗಿನ ಗಾಡಿಗೆ ಕೂಡಿ ಹೋಗೋಣ ಎಂದು ಕಾರ್ಡು ಬರೆಸಿ ಹಾಕಿದವಳು ಮರೆವ್ವನೇ. ಆಯಾ ಆದವಳು ರೋಗಿಗೆ ಕಾರ್ಡು ಹಾಕಬೇಕು ಎಂದು ಆಸ್ಪತ್ರೆಯ ಯಾವ ಕಾಯಿದೆಯಲ್ಲೂ ಬರೆದಿಲ್ಲ.

ರೇವವ್ವನ ಎಡಬೆನ್ನಿನಲ್ಲಿ ವರ್ಷದಿಂದ ನೋವಿದೆ. ತಿಂಗಳ ಹಿಂದೆ ಪರೀಕ್ಷೆ ಮಾಡಿ, ಎಡಗಡೆಯ ಮೂತ್ರಪಿಂಡ ಕೆಲಸ ಬಿಟ್ಟಂತೆ ಕಾಣುತ್ತದೆ, ಸೀಳಿ ನೋಡಿ ತೆಗೆದುಬಿಡೋಣ ಎಂದು ಡಾಕ್ಟರು ಹೇಳಿದ್ದಾರೆ. ಬರುವ ಗುರುವಾರ ಆಪರೇಶನ್. ಆದರೆ ಆ ಪರೀಕ್ಷೆಯ ಮೇಲೆ ಮರೆವ್ವನಿಗೆ ನಂಬಿಕೆಯಿಲ್ಲ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟ ಆಯಾ ಒಬ್ಬಳ ಅನುಮಾನಕ್ಕಾಗಿ ಇವತ್ತು ಅದೇ ಪರೀಕ್ಷೆ ಇನ್ನೊಮ್ಮೆ ಆಗಲಿದೆ. ಇವತ್ತೂ ಹಾಗೆಯೇ ಬಂದರೆ ಗುರುವಾರ ರೇವವ್ವ ಆಪರೇಶನ್ ಮೇಜಿನ ಮೇಲೆ ಮಲಗಲೇಬೇಕು.

ಗದಗಿನ ಕಡೆಯಿಂದ ಪ್ಯಾಸೆಂಜರ್ ಗಾಡಿ ಹೊಗೆಯನ್ನೂ ಮಂಜನ್ನೂ ಒಟ್ಟಿಗೆ ಎಳೆದುಕೊಂಡು ಬರುತ್ತದೆ. ರೇವವ್ವ ಒಂದು ತಂಬಿಗೆ ಮುಗಿಸಿ, ದಾರಿಗೆಂದು ಇನ್ನೊಂದು ತುಂಬಿಸಿಕೊಂಡಿದ್ದಾಳೆ. ಮರೆವ್ವನ ಕೈಯಲ್ಲಿ ಬುತ್ತಿಯ ಗಂಟು, ಮುಚ್ಚಳದ ಒಂದು ಅಲ್ಯೂಮಿನಿಯಂ ಕ್ಯಾನು. ಕ್ಯಾನಿನಲ್ಲಿರುವುದು ಅವಳ ಮನೆಯ ನೀರು, ಅವಳಿಗೇ.

ಬೋಗಿಯಲ್ಲಿ ಜನ ಕಡಿಮೆ. ಮರೆವ್ವ ಬಾಗಿಲ ಬಾಜುವಿನ ಹಲಗೆಯ ಮೇಲೆ ಕೂತು ತನ್ನ ಕೆಲಸವನ್ನು ವಿವರಿಸುತ್ತಾಳೆ. ಬೆನ್ನಿನಲ್ಲಿರುವ ಎರಡು ಮೂತ್ರಪಿಂಡಗಳಲ್ಲಿ ಒಂದು ಸೋತರೂ ಇನ್ನೊಂದು ಅದರ ಪಾಲನ್ನೂ ಎಳೆದು ಸಂಸಾರ ಮುಚ್ಚಿಡುತ್ತದೆ. ರಕ್ತ ಪರೀಕ್ಷೆ ಎರಡನ್ನೂ ಸೇರಿಸಿ ಒಂದೇ ಲೆಕ್ಕ ಹೇಳುತ್ತದೆಯೇ ಹೊರತು, ಯಾವುದು ದುಡಿಯುತ್ತಿದೆ, ಯಾವುದು ಕೂತು ಉಣ್ಣುತ್ತಿದೆ ಎಂದು ಹೇಳುವುದಿಲ್ಲ. ಮರೆವ್ವನಿಗೆ ಅದು ಹೊಲದ ಮಾತು.

“ಎರಡು ಎತ್ತು ಹೂಡೀರಿ ಅನ್ಕೋರ್ರಿ. ಗಾಡಿ ಹೊಂಟೈತಿ. ಯಾವ ಎತ್ತು ಜಗ್ಗತೈತಿ, ಯಾವುದು ಸುಮ್ನ ನೊಗಕ್ಕ ಕೊಳ್ಳು ಕೊಟ್ಟು ನಡೀತೈತಿ, ದೂರ ನಿಂತವ್ರಿಗೆ ಗೊತ್ತಾಗೂದಿಲ್ರಿ. ನಮ್ಮ ಮಶಿನ್ ಬಾಜೂಕ ನಡಕೋಂತ ಹೋಗಿ ನೋಡತೈತಿ.”

ಆ ಮಶಿನ್ನಿನ ಕೆಲಸ ಹೀಗೆ. ವಿಕಿರಣ ಸೂಸುವ ಔಷಧವನ್ನು ಹನಿಯಷ್ಟು ತೋಳಿನ ರಕ್ತನಾಳಕ್ಕೆ ಚುಚ್ಚುತ್ತಾರೆ. ಮೂತ್ರಪಿಂಡಗಳು ಅದನ್ನು ರಕ್ತದಿಂದ ಹೆಕ್ಕಿ ಕೆಳಗೆ ಸಾಗಿಸುತ್ತವೆ. ಬೆನ್ನ ಹಿಂದೆ ಸೀಸದ ಎರಡು ಮೂತಿಗಳು ಒಂದೊಂದು ಮೂತ್ರಪಿಂಡಕ್ಕೆ ಕಿವಿ ಕೊಟ್ಟು ಕೂತಿರುತ್ತವೆ. ಎಷ್ಟು ಬಂತು, ಎಷ್ಟು ಹೋಯಿತು ಎಂಬುದನ್ನು ಸರಿಯುವ ಕಾಗದದ ಮೇಲೆ ಎರಡು ಪೆನ್ನುಗಳು ಗೀಚುತ್ತ ಹೋಗುತ್ತವೆ. ಬಲಕ್ಕೆ ಕೆಂಪು, ಎಡಕ್ಕೆ ನೀಲಿ. ಗೆರೆ ಸರ್ರನೆ ಏರಬೇಕು, ನಾಲ್ಕೈದು ನಿಮಿಷಕ್ಕೆ ತುದಿ ಮುಟ್ಟಬೇಕು, ಆಮೇಲೆ ಇಳಿಯಬೇಕು. ಇಪ್ಪತ್ತು ನಿಮಿಷದ ಆಟ. ಎರಡು ಗೆರೆಗಳನ್ನು ಹೋಲಿಸಿ, ನೂರರಲ್ಲಿ ಇದರ ಪಾಲು ಇಷ್ಟು, ಅದರ ಪಾಲು ಇಷ್ಟು ಎಂದು ಡಾಕ್ಟರು ಲೆಕ್ಕ ಹಾಕುತ್ತಾರೆ.

ಔಷಧ ಹದಿನೈದು ದಿನಕ್ಕೊಮ್ಮೆ ಮುಂಬಯಿಯಿಂದ ಸೀಸದ ಡಬ್ಬಿಯಲ್ಲಿ ರೈಲಿಗೆ ಬರುತ್ತದೆ. ಎಂಟು ದಿನಕ್ಕೆ ಅದರ ಕಸುವು ಅರ್ಧಕ್ಕರ್ಧ ಇಳಿಯುವುದರಿಂದ, ಬಂದ ವಾರವೇ ಮೂರು ದಿನ ಪರೀಕ್ಷೆ ಇಟ್ಟುಕೊಳ್ಳುತ್ತಾರೆ. ದಿನಕ್ಕೆ ಆರು ಮಂದಿ. ಎಪ್ಪತ್ತೊಂಬತ್ತರಲ್ಲಿ ಈ ಮಶಿನ್ನಿನ ಖೋಲಿಗೆ ಸೇರಿದ ಮರೆವ್ವ ಈಗ ಎಂಬತ್ತಾರರ ಹೊತ್ತಿಗೆ ಏನಿಲ್ಲವೆಂದರೂ ಮೂರು ಸಾವಿರ ಬೆನ್ನು ನೋಡಿದ್ದಾಳೆ. ಮುಖ ಮರೆತರೂ ಬೆನ್ನು ಮರೆಯುವುದಿಲ್ಲವಂತೆ. ಸಂತೆಯಲ್ಲಿ ಮುಂದೆ ಹೋಗುವವರನ್ನು ಹಿಂದಿನಿಂದಲೇ ಗುರುತು ಹಿಡಿದು ಮಾತಾಡಿಸುತ್ತಾಳೆ.

ಮೊದಲು ಆಕೆ ಕಸ ಹೊಡೆಯುವ ಕೆಲಸಕ್ಕಿದ್ದಳು. ಮಶಿನ್ ಬಂದಾಗ ಆ ಖೋಲಿಗೆ ಹೋಗಲು ಯಾರೂ ಒಪ್ಪಲಿಲ್ಲ. ಅಲ್ಲಿಯ ಕಿರಣ ತಾಗಿದರೆ ಕೂದಲು ಉದುರುತ್ತದೆ, ಮಕ್ಕಳಾಗುವುದಿಲ್ಲ ಎಂದು ಸುದ್ದಿ ಹಬ್ಬಿತ್ತು. ಇಂಥ ಖೋಲಿಗೆ ಯಾರನ್ನು ಕಳಿಸಬೇಕು ಎಂಬ ಪ್ರಶ್ನೆ ಎದ್ದಾಗ ಎಲ್ಲರ ಕಣ್ಣೂ ಒಂದೇ ಕಡೆ ತಿರುಗಿದವು. ಮರೆವ್ವ ದಲಿತರ ಕೇರಿಯವಳು. ಬೇರೆಯವರು ಒಲ್ಲೆನೆಂದ ಕೆಲಸ ಆ ಕೇರಿಯ ದಾರಿಯನ್ನು ಯಾರನ್ನೂ ಕೇಳದೆ ಹುಡುಕಿಕೊಂಡು ಬರುತ್ತದೆ.

“ನನಗ ಆಗಲೇ ಎರಡು ಹೆಣ್ಮಕ್ಕಳಾಗಿದ್ವು, ಕೂದಲಾನೂ ಭಾಳ ಇದ್ವು. ಹೋದ್ರ ಹೋಗ್ಲಿ ಅಂತ ಹೋದ್ನಿ,” ಎಂದು ನಗುತ್ತಾಳೆ. ಸೆರಗಿಗೆ ಚುಚ್ಚಿದ ಸಣ್ಣ ಬ್ಯಾಡ್ಜನ್ನು ತೋರಿಸುತ್ತಾಳೆ; ಆಕೆಗೆ ಎಷ್ಟು ಕಿರಣ ತಾಗಿದೆ ಎಂದು ಅದನ್ನು ನೋಡಿ ಹೇಳುತ್ತಾರೆ. “ಇದು ಮೂರ ತಿಂಗಳಿಗೊಮ್ಮೆ ಮುಂಬೈ ನೋಡ್ಕೊಂಡ ಬರತೈತ್ರಿ. ನಾ ಇನ್ನೂ ಹುಬ್ಬಳ್ಳಿ ದಾಟಿಲ್ಲ.”

ಗಂಡ ಯಲ್ಲಪ್ಪ ಅಣ್ಣಿಗೇರಿಯ ಕಾಳಿನ ಅಡತಿ ಅಂಗಡಿಯಲ್ಲಿ ಹಮಾಲ. ಚೀಲ ಹೊತ್ತು ಹೊತ್ತು ಸೊಂಟ ಹಿಡಿದು ಈಗ ಅರ್ಧ ದಿನ ದುಡಿಯುತ್ತಾನೆ, ಅರ್ಧ ದಿನ ಗೋಡೆಗೆ ಒರಗಿ ಕೂಡುತ್ತಾನೆ. ಮರೆವ್ವ ನಸುಕಿನಲ್ಲೆದ್ದು ರೊಟ್ಟಿ ಬಡಿದು, ಹೆಣ್ಣುಮಕ್ಕಳಿಬ್ಬರಿಗೂ ಜಡೆ ಹಾಕಿ ಗಾಡಿ ಹಿಡಿಯುತ್ತಾಳೆ. ಮನೆಗೆ ಮರಳುವಾಗ ದೀಪ ಹಚ್ಚಿರುತ್ತಾರೆ. ದಣಿವಾಗುವುದಿಲ್ಲವೇ ಎಂದರೆ, ಗಾಡಿಯಲ್ಲಿ ಕೂತೇ ನಿದ್ದೆ ಮಾಡುತ್ತೇನೆ ಎನ್ನುತ್ತಾಳೆ. ಆದರೆ ರೋಗಿ ಜೊತೆಗಿದ್ದ ದಿನ ಆಕೆ ಕಣ್ಣು ಮುಚ್ಚಿದ್ದನ್ನು ಆ ಗಾಡಿಯ ಖಾಯಂ ಪ್ರಯಾಣಿಕರು ಕಂಡಿಲ್ಲ.

ಕಾರಣ ನೀರು. ಈ ಪರೀಕ್ಷೆಗೆ ಬರುವವರು ಒಂದು ತಾಸು ಮುಂಚೆಯಾದರೂ ಹೊಟ್ಟೆ ತುಂಬ ನೀರು ಕುಡಿದಿರಬೇಕು. ಮೈಯಲ್ಲಿ ನೀರಿಲ್ಲದಿದ್ದರೆ ಒಳ್ಳೆಯ ಮೂತ್ರಪಿಂಡವೂ ಔಷಧವನ್ನು ಕೆಳಗೆ ಬಿಡದೆ ಹಿಡಿದುಕೊಂಡು ಕೂಡುತ್ತದೆ, ಗೆರೆ ಏರಿದ್ದು ಇಳಿಯುವುದೇ ಇಲ್ಲ. ಮೊದಲೇ ಸ್ವಲ್ಪ ಅಶಕ್ತವಾದದ್ದಂತೂ ಸತ್ತೇ ಹೋದಂತೆ ಕಾಣುತ್ತದೆ. ನೀರು ಕುಡಿದು ಬನ್ನಿ ಎಂದು ಚೀಟಿಯಲ್ಲಿ ಬರೆದಿರುತ್ತಾರೆ. ಓದುವ ಗಂಡಸರು ಓದುತ್ತಾರೆ, ಕುಡಿದು ಬರುತ್ತಾರೆ. ಹೆಂಗಸರ ಪಾಡೇ ಬೇರೆ.

“ಗಂಡಸ್ರು ಬಸ್ ನಿಂತಲ್ಲಿ ಇಳದು ನಿಂದರತಾರ. ಹೆಣ್ಮಕ್ಕಳು ಎಲ್ಲಿಗ್ರಿ ಹೋಗಬೇಕು? ನಾಳೆ ಊರಿಗೆ ಹೋಗೂದೈತಿ ಅಂದ್ರ ಇವತ್ತ ಸಂಜೀಲಿಂದ ನೀರು ಬಂದ್. ಬಾಯಿ ಒಣಗಿ ನಾಲಿಗಿ ಅಂಟ್ಕೊಂಡಿರತೈತಿ. ಮಶಿನ್ ನಡಸೂ ಬೀರಲಿಂಗಪ್ಪ ಕೇಳತಾನ, ನೀರು ಕುಡದೀಯೇನ್ ಬೇ ಅಂತ. ಪರಗಂಡಸು ಅಂಥಾದ್ದು ಕೇಳಿದ್ರ ಏನ್ ಹೇಳತಾರ? ಹೂನ್ರಿ ಅಂತಾರ. ಆತು, ಅವ ಬರಕೋತಾನ.”

ಹೂನ್ರಿ ಎಂಬ ಆ ಒಂದು ಮಾತು ಎಷ್ಟು ದೂರ ಹೋಗಬಲ್ಲದು ಎಂದು ಮರೆವ್ವ ಕಲಿತದ್ದು ಎಂಬತ್ತೆರಡರಲ್ಲಿ. ಕಲಘಟಗಿಯ ಕಡೆಯ ತಂಬೂರಿನಿಂದ ಮಲ್ಲಕ್ಕ ಎಂಬ ಹೆಂಗಸು ಬಂದಿದ್ದಳು. ತುಟಿ ಒಡೆದದ್ದನ್ನು ಕಂಡು ಮರೆವ್ವ ತಾನೇ ದೊಡ್ಡ ಸ್ಟೀಲಿನ ಲೋಟದಲ್ಲಿ ನೀರು ತಂದುಕೊಟ್ಟಳು, ಎರಡು ಸಲ. ಮಲ್ಲಕ್ಕ ಇಸಿದುಕೊಂಡು ಕಿಟಕಿಯ ಕಡೆ ತಿರುಗಿ, ಖಾಲಿ ಲೋಟ ಮರಳಿಸಿದಳು. ಕುಡಿದಾಳ್ರಿ ಎಂದು ಮರೆವ್ವ ಡಾಕ್ಟರಿಗೆ ಹೇಳಿದಳು. ಗೆರೆ ಇಳಿಯಲಿಲ್ಲ. ಮೂತ್ರಪಿಂಡ ತೆಗೆದರು. ಆಮೇಲಿನ ಹನ್ನೆರಡು ದಿನ ವಾರ್ಡಿನಲ್ಲಿ ಮರೆವ್ವನೇ ಆಕೆಯ ಮೈ ಒರೆಸಿ, ಸೀರೆ ಬದಲಿಸಿ, ತಲೆ ಬಾಚಿದಳು.

ಎರಡು ತಿಂಗಳ ಮೇಲೆ ತೋರಿಸಿಕೊಳ್ಳಲು ಬಂದ ಮಲ್ಲಕ್ಕ, ಮರೆವ್ವನ ಕೈ ಹಿಡಿದು ಕಣ್ಣಲ್ಲಿ ನೀರು ತಂದುಕೊಂಡು ಒಂದು ಮಾತು ಹೇಳಿದಳು. “ಅವತ್ತ ನಿನ್ನ ಕೈಯಾನ ನೀರು ಅಂತ ಕಿಡಕ್ಯಾಗ ಚೆಲ್ಲಿದ್ನಿ ಯವ್ವಾ. ಎರಡೂ ಲೋಟ. ನೀ ನನ್ನ ಇಷ್ಟ ಜ್ವಾಪಾನ ಮಾಡಿದಿ. ತಪ್ಪಾತು, ಹೊಟ್ಟ್ಯಾಗ ಹಾಕೋ.” ಮಡಿ ಮೈಲಿಗೆಯ ಒಂದು ಸಣ್ಣ ಅಪರಾಧವನ್ನು ಒಪ್ಪಿಕೊಂಡು ಹಗುರಾಗಬೇಕು, ಅಷ್ಟೇ ಆಕೆಗೆ ಬೇಕಾಗಿದ್ದದ್ದು. ಚೆಲ್ಲಿದ್ದು ಏನು ಎಂಬುದು ಆಕೆಗೆ ತಿಳಿದಿರಲಿಲ್ಲ. ಮರೆವ್ವ ತಿಳಿಸಲೂ ಇಲ್ಲ.

ಮರೆವ್ವನಿಗೆ ಸಿಟ್ಟು ಬಂತು. ಬಾರದೆ ಏನು? ಆದರೆ ಸಿಟ್ಟಿಗಿಂತ ದೊಡ್ಡದಾಗಿ ಬಂದದ್ದು ಭಯ: ದುಡಿಯುತ್ತಿದ್ದ ಮೂತ್ರಪಿಂಡವನ್ನೇ ತೆಗೆದುಬಿಟ್ಟರೇನೋ.  ಮೂರು ದಿನದ ಮೇಲೆ ಡಾಕ್ಟರ ಎದುರು ಹೋಗಿ ನಿಂತು ಹೇಳಿಬಿಟ್ಟಳು. ಅವರು, ತೆಗೆದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ, ಅದು ಬರೀ ನೀರಿನ ಚೀಲವಾಗಿತ್ತು, ಉಳಿಯುವಂಥದ್ದಲ್ಲ ಎಂದರು.

“ಡಾಕ್ಟ್ರು ಖರೆ ಹೇಳಿದ್ರೋ, ನನ್ನ ಮಾರಿ ನೋಡಿ ಹಂಗ ಹೇಳಿದ್ರೋ, ಇವತ್ತಿಗೂ ಕೇಳಿಲ್ರಿ. ಕೇಳೂ ಧೈರ್ಯ ಇಲ್ಲ. ಮಲ್ಲಕ್ಕ ಅರಾಮದಾಳ, ಒಂದರ ಮ್ಯಾಲ ಹೊಲಮನಿ ಮಾಡತಾಳ. ಅವತ್ತಿಂದ ನಾ ಖಾಲಿ ಲೋಟ ನಂಬೂದಿಲ್ಲ.”

ಅಂದಿನಿಂದ ಆಕೆಯ ಪದ್ಧತಿಯೇ ಬದಲಾಯಿತು. ಪರೀಕ್ಷೆಗೆ ಬರುವ ಹೆಂಗಸರ ಊರು ಯಾವುದು, ಯಾವ ಬಸ್ಸು, ಯಾವ ಗಾಡಿ ಎಂದು ಮೊದಲೇ ವಿಚಾರಿಸುತ್ತಾಳೆ. ಅಣ್ಣಿಗೇರಿಯ ಕಡೆಯವರಾದರೆ ಜೊತೆಗೇ ಕರೆತರುತ್ತಾಳೆ. ತಂಬಿಗೆ ಅವರದೇ, ನಲ್ಲಿ ತಿರುವುವ ಕೈಯೂ ಅವರದೇ. ಆಕೆ ಎರಡು ಮಾರು ದೂರ ನಿಂತು ಗುಟುಕು ಎಣಿಸುತ್ತಾಳೆ. ಇದು ಅವಮಾನವಲ್ಲವೇ ಎಂದು ಕೇಳಿದರೆ, “ಅಪಮಾನ ನಂದ್ರಿ, ಕಿಡ್ನಿ ಅವರದು. ಯಾವುದು ಮೊದಲ ಉಳಸಬೇಕು, ನೀವ ಹೇಳ್ರಿ,” ಎನ್ನುತ್ತಾಳೆ. 

ತಿಂಗಳ ಹಿಂದೆ ರೇವವ್ವ ಮೊದಲ ಸಲ ಪರೀಕ್ಷೆಗೆ ಬಂದ ದಿನ ಮರೆವ್ವ ಜ್ವರ ಬಂದು ಮನೆಯಲ್ಲಿದ್ದಳು. ಮರಳಿ ಬಂದಾಗ ಮೇಜಿನ ಮೇಲೆ ಆ ಕಾಗದ ಬಿದ್ದಿತ್ತು. ಆಕೆಗೆ ಇಂಗ್ಲಿಷ್ ಅಕ್ಷರ ಬಾರದು. ಏಳು ವರ್ಷ ನೋಡಿದ ಗೆರೆ ಬರುತ್ತದೆ. ನೀಲಿ ಗೆರೆ ಏರಿ ಹಾಗೆಯೇ ಮಲಗಿದ್ದು ಸರಿ. ಕೆಂಪು ಯಾಕೆ ಮಲಗಿದೆ? ಒಂದು ಎತ್ತು ಸೋತರೆ ಇನ್ನೊಂದು ಜಗ್ಗಬೇಕು. ಎರಡೂ ನಿಂತಿವೆ ಎಂದರೆ ಎತ್ತಿನದಲ್ಲ, ಬಾಯಾರಿಕೆಯದು ತಪ್ಪು. “ಎರಡೂ ಗೆರಿ ಮಲಗ್ಯಾವ್ರಿ ಸಾಹೇಬ್ರ, ಹುಡಿಗಿ ನೀರು ಕುಡದಿಲ್ಲ,” ಎಂದು ಡಾಕ್ಟರ ಮುಂದೆ ಕಾಗದ ಹಿಡಿದಳು. ಅವರು ಕನ್ನಡಕ ಏರಿಸಿ ನೋಡಿದರು, ಮತ್ತೆ ನೋಡಿದರು. ಆಪರೇಶನ್ನಿನ ದಿನ ಬದಲಿಸಲಿಲ್ಲ. ಅದಕ್ಕೂ ಮುಂಚೆ ಇನ್ನೊಮ್ಮೆ ಪರೀಕ್ಷೆಯಾಗಲಿ ಎಂದು ಬರೆದರು.

ಗಾಡಿ ಸಿಗ್ನಲ್ಲಿಗೆ ಗಕ್ಕನೆ ನಿಲ್ಲುತ್ತದೆ. ರೇವವ್ವ ಬಾಜುವಿಗೆ ಇಟ್ಟುಕೊಂಡಿದ್ದ ತಂಬಿಗೆ ಉರುಳಿ, ಬೋಗಿಯ ಉದ್ದಕ್ಕೂ ನೀರು ಹರಿದುಹೋಗುತ್ತದೆ. ಅಂದಾನೆಪ್ಪ ಎದ್ದು ತಂಬಿಗೆ ಹಿಡಿಯುವ ಹೊತ್ತಿಗೆ ಒಳಗೆ ಹನಿಯೂ ಉಳಿದಿಲ್ಲ. ಹೊರಗೆ ಸ್ಟೇಶನ್ನಿಲ್ಲ, ನಲ್ಲಿಯಿಲ್ಲ. ಕಣ್ಣು ಮುಟ್ಟುವ ತನಕ ಮಂಜಿನಲ್ಲಿ ತೇಲುವ ಜೋಳದ ತೆನೆಗಳು. ಎಂಟೂವರೆಗೆ ಪರೀಕ್ಷೆ, ಹತ್ತಕ್ಕೆ ಡಾಕ್ಟರು ಆಪರೇಶನ್ ಖೋಲಿಗೆ ಹೋಗಿಬಿಡುತ್ತಾರೆ. ರೇವವ್ವನ ಹೊಟ್ಟೆಯಲ್ಲಿರುವುದು ಒಂದೇ ತಂಬಿಗೆ. ಇನ್ನೊಂದಾದರೂ ಈಗಲೇ ಆಗಬೇಕು.

ಮೂವರ ಕಣ್ಣೂ ಕ್ಯಾನಿನ ಮೇಲೆ ಬೀಳುತ್ತವೆ. ಅಂದಾನೆಪ್ಪನದು ಲಿಂಗ ಕಟ್ಟಿದ ಮನೆತನ, ಹಿರಿಯರು ಕಟ್ಟುನಿಟ್ಟಿನವರು. ಆತ ಮರೆವ್ವನ ಮುಖ ನೋಡುತ್ತಾನೆ, ಹೆಂಡತಿಯ ಮುಖ ನೋಡುತ್ತಾನೆ, ಕೊನೆಗೆ ತನ್ನ ಚಪ್ಪಲಿ ನೋಡುತ್ತಾನೆ. ಮರೆವ್ವ ಕ್ಯಾನನ್ನು ಹಲಗೆಯ ಮೇಲೆ ಇಬ್ಬರ ನಡುವೆ ಇಟ್ಟು, ತಾನೇ ಎದ್ದು ಬಾಗಿಲಿಗೆ ಹೋಗಿ ನಿಲ್ಲುತ್ತಾಳೆ, ಬೆನ್ನು ತಿರುಗಿಸಿ.

ಗುಟುಕು ಎಣಿಸದೆ ನಿಂತದ್ದು ನಾಲ್ಕು ವರ್ಷದಲ್ಲಿ ಇದೇ ಮೊದಲು. ಎದುರಿಗೆ ಮಂಜು ಹೊಲದಿಂದ ಹೊಲಕ್ಕೆ ದಾಟುತ್ತಿದೆ. ಎಲ್ಲೋ ಕಾಣದ ಎತ್ತಿನ ಗಾಡಿಯ ಗೆಜ್ಜೆಸರದ ಸಪ್ಪಳ ಕೇಳಿ, ದೂರಾಗಿ, ನಿಜವಾಗಿ ಕೇಳಿತ್ತೋ ಇಲ್ಲವೋ ಎನ್ನುವಂತಾಗುತ್ತದೆ. ಬಿಸಿಲು ಬಂದೂ ಬಾರದ ಆ ಬಯಲಿನಲ್ಲಿ ಗಾಡಿ ನಿಂತೇ ಇದೆ. ಹಿಂದೆ ತಿರುಗಿ ನೋಡಬೇಕೆಂದು ಆಕೆಗೆ ಬಹಳ ಅನ್ನಿಸುತ್ತದೆ. ನೋಡಿದರೆ ಹುಡುಗಿ ಎತ್ತಿದ ಕೈ ಇಳಿಸಿಬಿಟ್ಟಾಳು ಎಂದು ಸುಮ್ಮನಿದ್ದಾಳೆ.

ಗಾಡಿ ಮತ್ತೆ ಹೊರಟು ಹುಬ್ಬಳ್ಳಿಯ ಹೊಗೆ ಕಂಡಮೇಲೆ ಮರೆವ್ವ ಬಂದು ಕ್ಯಾನು ಎತ್ತುತ್ತಾಳೆ. ಹಗುರಾಗಿದೆ. ಖಾಲಿ. ಆದರೆ ಕಿಟಕಿಯ ಬಾಗಿಲು ಮೇಲಕ್ಕೆ ಸರಿದಿದೆ, ಅದರ ಚೌಕಟ್ಟು ಒದ್ದೆಯಾಗಿದೆ. ಮಂಜಿನದೋ, ಚೆಲ್ಲಿದ್ದೋ? ರೇವವ್ವ ಹೊರಗೆ ನೋಡುತ್ತ ಕೂತಿದ್ದಾಳೆ. 

ಯಾಕೆ ಕೇಳಲಿಲ್ಲ ಎಂದರೆ ಮರೆವ್ವ ತಲೆಯಾಡಿಸುತ್ತಾಳೆ. “ಕೇಳಿದ್ರ ಹೂನ್ರಿ ಅಂತಾರ. ಇನ್ನೊಂದ ಹೂನ್ರಿ ನನಗ ಬ್ಯಾಡ.”

ಆಸ್ಪತ್ರೆಯ ಅಂಗಳದಲ್ಲಿ ನಲ್ಲಿ ತೋರಿಸಿ, ಇನ್ನೊಂದಿಷ್ಟು ಕುಡಿ ಎನ್ನುತ್ತಾಳೆ. ರೇವವ್ವ ಎರಡೂ ಕೈ ಮುಗಿಯುತ್ತಾಳೆ. “ಇನ್ನ ಒಂದ ಹನಿನೂ ಒಲ್ಲೆ ಯಕ್ಕಾ.” ಹೊಟ್ಟೆ ತುಂಬಿದವಳು ಹೇಳುವ ಮಾತೂ ಇದೇ, ಬೇಸತ್ತವಳು ಹೇಳುವ ಮಾತೂ ಇದೇ. ಬೀರಲಿಂಗಪ್ಪ ಔಷಧ ಅಳೆದಿಟ್ಟು ಒಳಗಿನಿಂದ ಕೂಗುತ್ತಿದ್ದಾನೆ.

ಖೋಲಿಯಲ್ಲಿ ಅರೆಗತ್ತಲು. ಸ್ಟೂಲಿನ ಮೇಲೆ ರೇವವ್ವ ಬೆನ್ನು ಕೊಟ್ಟು ಕೂಡುತ್ತಾಳೆ. ಮೊದಲ ಸಲ ಗಂಡಸಿನ ಎದುರು ನಾಚಿ ಮುದುಡಿ ಕೂತಿದ್ದಳಂತೆ. ಹಾಗೆ ಕೂತರೂ ಸೀಸದ ಮೂತಿಗೆ ಗುರಿ ತಪ್ಪುತ್ತದೆ. ಇವತ್ತು ಬೀರಲಿಂಗಪ್ಪನನ್ನು ಪರದೆಯ ಆಚೆ ನಿಲ್ಲಿಸಿ, ಎಕ್ಸ್‌ರೇ ನೋಡಿ ಹಾಕಿದ ಗುರುತಿಗೆ ಮರೆವ್ವನೇ ಮೂತಿ ಹೊಂದಿಸುತ್ತಾಳೆ. ಡಾಕ್ಟರು ತೋಳಿಗೆ ಸೂಜಿ ಹಾಕುತ್ತಾರೆ. ಟಿಕ್ ಟಿಕ್ ಎಂದು ಶುರುವಾದ ಮಶಿನ್ನಿನ ಸಪ್ಪಳ ಕ್ಷಣದಲ್ಲಿ ಒಂದಕ್ಕೊಂದು ಕೂಡಿಕೊಂಡು, ತಗಡಿನ ಮೇಲೆ ಮಳೆ ಬಿದ್ದಂತಾಗುತ್ತದೆ.

ಇಪ್ಪತ್ತು ನಿಮಿಷ ಅಲುಗಬಾರದು. ಅದಕ್ಕೆ ಮರೆವ್ವನ ಹತ್ತಿರ ಒಂದು ಉಪಾಯವಿದೆ. ಕಿವಿಯ ಹತ್ತಿರ ಬಾಗಿ ಸಣ್ಣ ದನಿಯಲ್ಲಿ ಹೇಳುತ್ತಾಳೆ: “ಕಣ್ಣು ಮುಚ್ಚು. ಮೈ ಇಲ್ಲೇ ಇರಲಿ, ನೀ ಊರಿಗೆ ಹೋಗು. ಮನಿ ಹೊಸ್ತಿಲಾ ದಾಟು. ಅವಸರಿಲ್ಲ, ಒಂದೊಂದ ಹೆಜ್ಜಿ. ಈಗ ಎಲ್ಲಿ ಅದೀ?”

“ಕೆರಿ ಏರಿ ಮ್ಯಾಲ,” ಎನ್ನುತ್ತಾಳೆ ರೇವವ್ವ, ತುಟಿ ಅಲುಗಿದ್ದೂ ಕಾಣದಂತೆ.

“ನಡಿ. ಹೊಲದ ದಾರಿ ಹಿಡಿ.”

ರೇವವ್ವ ನಡೆಯುತ್ತಾಳೆ. ಕಪ್ಪು ಮಣ್ಣಿನ ದಾರಿ ಮೆತ್ತಗಿದೆ. ಬದುವಿನ ಮೇಲಿನ ಜಾಲಿಯಲ್ಲಿ ಗೀಜಗನ ಗೂಡು ತೂಗುತ್ತಿದೆ, ಕುಸುಬಿಯ ಹಳದಿ ಹೂವು ಮೊಣಕಾಲಿಗೆ ತಾಗುತ್ತಿದೆ. ಬೆನ್ನಿನಲ್ಲಿ ನೋವಿಲ್ಲ. ಯಾರೋ ಬಾಜುವಿನಲ್ಲಿ ನಡೆದು ಬರುತ್ತಿದ್ದಾರೆ, ಮುಖ ಕಾಣುವುದಿಲ್ಲ, ದನಿ ಮಾತ್ರ ಕೇಳುತ್ತದೆ. ಆಮೇಲೆ ಇದನ್ನೆಲ್ಲ ಅವಳೇ ಹೇಳಿದಳು. ಮೂರು ಸಾವಿರ ಮಂದಿ ಹೀಗೆ ಸ್ಟೂಲಿನ ಮೇಲೆ ಕೂತು ತಮ್ಮ ತಮ್ಮ ಊರಿಗೆ ಹೋಗಿ ಬಂದಿದ್ದಾರೆ. ತಾನು ಕಾಲಿಡದ ಹಳ್ಳಿಗಳ ದಾರಿಯೆಲ್ಲ ಮರೆವ್ವನಿಗೆ ಬಾಯಿಪಾಠ.

ದನಿ ಅಲ್ಲಿ, ಕಣ್ಣು ಪೆನ್ನುಗಳ ಮೇಲೆ. ಎರಡೂ ಗೆರೆ ಏರುತ್ತಿವೆ, ಕೆಂಪು ಬೇಗ, ನೀಲಿ ನಿಧಾನ. ನಾಲ್ಕನೇ ನಿಮಿಷಕ್ಕೆ ಕೆಂಪು ತುದಿ ಮುಟ್ಟಿ, ಒಂದು ಉಸಿರು ನಿಂತು, ಇಳಿಯತೊಡಗುತ್ತದೆ. ಅಂದರೆ ಮೈಯಲ್ಲಿ ನೀರಿದೆ. ಇನ್ನು ನೀಲಿ ಹೇಳುವುದು ಸುಳ್ಳಲ್ಲ, ಏನು ಹೇಳಿದರೂ ನಂಬಲೇಬೇಕು. ಆರನೇ ನಿಮಿಷ. ನೀಲಿ ಇನ್ನೂ ಏರುತ್ತಿದೆ. ಏಳು. ಏರುವುದು ನಿಂತಿದೆ, ಇಳಿಯುತ್ತಿಲ್ಲ. ಎಂಟು. ಪೆನ್ನು ಅಡ್ಡಡ್ಡ ಹೋಗುತ್ತಿದೆ. ತಿಂಗಳ ಹಿಂದೆಯೂ ಇಲ್ಲಿಯೇ ಹೀಗೇ ಮಲಗಿತ್ತು. ಡಾಕ್ಟರು ಗಲ್ಲಕ್ಕೆ ಕೈ ಹಚ್ಚಿ ನಿಂತಿದ್ದಾರೆ. “ನಡಿ ತಂಗಿ, ನಿಂದರಬ್ಯಾಡ, ನಡಿ,” ಎನ್ನುತ್ತಾಳೆ ಮರೆವ್ವ. ಹುಡುಗಿಗೆ ಹೇಳುತ್ತಿದ್ದಾಳೋ ಪೆನ್ನಿಗೆ ಹೇಳುತ್ತಿದ್ದಾಳೋ ಆಕೆಗೂ ತಿಳಿಯದು.

ಒಂಬತ್ತನೇ ನಿಮಿಷಕ್ಕೆ ನೀಲಿ ಗೆರೆ ಮೆಲ್ಲಗೆ ತಲೆ ಬಾಗಿಸುತ್ತದೆ. ಪೆನ್ನು ಅಲುಗಿದ್ದೇನೋ ಎನ್ನುವಷ್ಟು ಸಣ್ಣ ಬಾಗು. ಹತ್ತಕ್ಕೆ ಇನ್ನಷ್ಟು. ಹನ್ನೆರಡಕ್ಕೆ ಯಾರ ಕಣ್ಣಿಗೂ ಕಾಣುವಂತೆ, ಇಳಿಜಾರಿಗೆ ಬಿದ್ದ ನೀರಿನ ಹಾಗೆ ತನ್ನ ಪಾಡಿಗೆ ತಾನು ಇಳಿಯುತ್ತ ಹೋಗುತ್ತದೆ.

ಡಾಕ್ಟರು ಅಳತೆಪಟ್ಟಿ ಇಟ್ಟು ಲೆಕ್ಕ ಹಾಕುತ್ತಾರೆ. ಮೊದಲ ಸಲ ಎಡದ ಪಾಲು ನೂರಕ್ಕೆ ಹದಿನಾಲ್ಕು ಎಂದಿತ್ತು. ಇವತ್ತು ಮೂವತ್ತೊಂಬತ್ತು. ತುಸು ನಿಧಾನ, ಆದರೆ ದುಡಿಯುತ್ತಿದೆ. ಅವರು ಹೊರಗೆ ಬಂದು ಅಂದಾನೆಪ್ಪನಿಗೆ ಹೇಳುತ್ತಾರೆ: “ತೆಗೆಯೋದೇನೂ ಬ್ಯಾಡ. ಗುರುವಾರದ್ದು ರದ್ದು. ಔಷಧ ಕೊಡ್ತೀನಿ, ಆರು ತಿಂಗಳಿಗೆ ಮತ್ತ ಬರ್ರಿ.” ಅಂದಾನೆಪ್ಪ ಅವರ ಕಾಲಿಗೆ ಬಗ್ಗುತ್ತಾನೆ. ಆಮೇಲೆ ಬೆಂಚಿನ ಮೇಲೆ ಕೂತು, ತಲೆಯ ಪಟಕದ ತುದಿಯಿಂದ ಮುಖ ಮುಚ್ಚಿಕೊಂಡು ಹುಡುಗನಂತೆ ಅಳುತ್ತಾನೆ.

ರೇವವ್ವನಿಗೆ ಅಳಲು ಪುರಸತ್ತಿಲ್ಲ. ಖೋಲಿಯಿಂದ ಹೊರಬಿದ್ದವಳೇ ಮರೆವ್ವನ ಸೆರಗು ಹಿಡಿದು ಕಿವಿಯಲ್ಲಿ ಏನೋ ಹೇಳುತ್ತಾಳೆ. ಇಬ್ಬರೂ ಓಡುತ್ತಾರೆ. ಗಂಡಸರ ಪಾಯಖಾನೆ ಖೋಲಿಯ ಬಾಜುವಿಗೇ ಇದೆ. ಹೆಂಗಸರದು ಇಡೀ ಕಟ್ಟಡ ದಾಟಿ, ಅಡುಗೆಮನೆಯ ಹಿಂದೆ. ಒಳಗಿನ ಚಿಲಕ ಮುರಿದು ವರ್ಷವಾಗಿದೆ. ರೇವವ್ವನನ್ನು ಒಳಗೆ ಬಿಟ್ಟು, ಬಾಗಿಲು ಎಳೆದುಕೊಂಡು, ಮರೆವ್ವ ತನ್ನ ಬೆನ್ನನ್ನೇ ಚಿಲಕ ಮಾಡಿ ನಿಲ್ಲುತ್ತಾಳೆ. ದಿನಕ್ಕೆ ಎಷ್ಟು ಸಲ ಹೀಗೆ ನಿಲ್ಲುತ್ತಾಳೋ, ಆ ಲೆಕ್ಕ ಯಾರೂ ಇಟ್ಟಿಲ್ಲ.

ಏನಾದರೂ ಆಸೆ ಇದೆಯೇ ಎಂದು ಕೇಳಿದ್ದಕ್ಕೆ ಉತ್ತರ ತಕ್ಷಣ ಬರುತ್ತದೆ, ಬಹಳ ದಿನದಿಂದ ಬಾಯಲ್ಲಿ ಇಟ್ಟುಕೊಂಡಿದ್ದ ಹಾಗೆ. “ನಮ್ಮ ಖೋಲಿ ಬಾಜೂಕ ಹೆಣ್ಮಕ್ಕಳದೊಂದು ಆಗಬೇಕ್ರಿ. ಒಳಗಿನಿಂದ ಹಾಕ್ಕೊಳ್ಳೂ ಚಿಲಕ ಇದ್ದದ್ದು. ಅದು ಐತಿ ಅಂತ ಗೊತ್ತಾದ್ರ ಮನ್ಯಾಗಿಂದನ ಕುಡಕೊಂಡ ಬರತಾರ, ನಾ ಹಿಂದ ಬೀಳೂದ ಬ್ಯಾಡ. ಮತ್ತೇನ...”

ಮಾತು ಅರ್ಧಕ್ಕೆ ನಿಲ್ಲಿಸಿ ಆಕೆ ಬೆರಳು ಎತ್ತುತ್ತಾಳೆ, ಸುಮ್ಮನಿರಿ ಎನ್ನುವಂತೆ. ಬಾಗಿಲ ಆಚೆ ನೀರಿನ ಸಪ್ಪಳ ಶುರುವಾಗಿದೆ. ಬಹಳ ಹೊತ್ತು ಬರುತ್ತದೆ, ನಿಂತಿತು ಎನ್ನುವಷ್ಟರಲ್ಲಿ ಮತ್ತೆ ಬರುತ್ತದೆ. ಮರೆವ್ವ ಬಾಗಿಲಿಗೆ ತಲೆ ಆನಿಸಿ, ಕಣ್ಣು ಮುಚ್ಚಿ ಕೇಳುತ್ತಾಳೆ. ಬೆಳಗಿನಿಂದ ಬಿಗಿದಿದ್ದ ಮುಖ ಸಡಿಲವಾಗುತ್ತದೆ.

“ಕೇಳ್ರಿ,” ಎನ್ನುತ್ತಾಳೆ. “ಇದು ಬರೇ ಸ್ಟೇಶನ್ ನೀರಲ್ಲ. ಇದರಾಗ ನಂದೂ ಐತಿ.”